ಹಿಂದಿನ ಉಯಿಲುಗಳು ರದ್ದು

"ಈ ಹಿಂದೆ ನಾನು ಬರೆಸಿರುವ ಎಲ್ಲ ಉಯಿಲುಗಳನ್ನೂ ಈ ಮೂಲಕ ರದ್ದುಪಡಿಸುತ್ತೇನೆ" ಎಂದು ಓದಿದ ನೋಟರಿ ಅಂಪಾರೋ ಬರ್ರಗಾನ್ ಅಲ್ಲಿಗೇ ನಿಲ್ಲಿಸಿ, ಕನ್ನಡಕದ ಮೇಲಿನಿಂದ ಎದುರಿಗಿದ್ದ ಮುದುಕನನ್ನು ನೋಡಿದಳು. ಓದಿದಳು ಅನ್ನುವುದಕ್ಕಿಂತ ಕೂಗಿದಳು ಅನ್ನಬೇಕು. ಉಯಿಲು ಬರೆಸಿದವನಿಗೆ ಅದನ್ನು ಓದಿ ಕೇಳಿಸಲೇಬೇಕು; ಕ್ಲೆಮೆಂಟ್ ಹಾರ್ಸ್‌ಫಾಲ್‌ಗೋ ಕಿವಿ ಮಂದ. ಮೆಕ್ಸಿಕೋದಲ್ಲಿ ಸೆಪ್ಟೆಂಬರ್ ಅಂದರೆ ಉಯಿಲಿನ ತಿಂಗಳು, ನೋಟರಿ ಶುಲ್ಕ ಕಡಿಮೆ. ಹೊರಗಿನ ಬೆಂಚಿನ ಮೇಲೆ ಅರ್ಧ ಚಪಾಲಾ ಊರೇ ಕೂತಿತ್ತು, ಅಷ್ಟೂ ಜನಕ್ಕೆ ಕೇಳಿಸಿತು.

"ದೊನ್ ಕ್ಲೆಮೆಂತೆ, ಇಂಗ್ಲೆಂಡಿನಲ್ಲಿ ನಿಮ್ಮದು ಬೇರೆ ಉಯಿಲು ಇದೆಯಾ?" ಊರಿನವರ ಬಾಯಲ್ಲಿ ಕ್ಲೆಮೆಂಟ್ 'ದೊನ್ ಕ್ಲೆಮೆಂತೆ' ಆಗಿದ್ದ.

"ಇದೆಯಲ್ಲ. ಅಲ್ಲಿ ನಮ್ಮಪ್ಪನ ಮನೆ ಇದೆ. ಅದು ನನ್ನ ತಂಗಿ ಮೇವಿಸ್‌ಗೆ."

"ಮೊದಲೇ ಹೇಳೋದಲ್ವಾ ಪುಣ್ಯಾತ್ಮ! ಇದರ ಕೆಳಗೆ ಸಹಿ ಹಾಕಿದ್ರೆ ಅದೂ ಹೋಯ್ತು ಅಂತಲೇ ಲೆಕ್ಕ."

ಸಹಿಗೆಂದು ಆಗಲೇ ಕೈಗೆತ್ತಿಕೊಂಡಿದ್ದ ಪೆನ್ನನ್ನು ಕ್ಲೆಮೆಂಟ್ ಚೇಳು ಮುಟ್ಟಿದವನಂತೆ ಕೆಳಗಿಟ್ಟ. ಅಂಪಾರೋ ಆ ಸಾಲಿಗೆ 'ಮೆಕ್ಸಿಕೋದ ಆಸ್ತಿಗೆ ಸಂಬಂಧಪಟ್ಟ' ಎಂಬ ಮಾತು ಸೇರಿಸಿ, ಹಾಳೆಯನ್ನು ಹೊಸದಾಗಿ ತೆಗೆಸಿದಳು. ಇಲ್ಲಿನ ಕೆರೆಯಂಚಿನ ಮನೆ, ಅಲ್ಲಿ ಅವನ ಜೊತೆ ಬಾಳುತ್ತಿರುವ ಎರ್ಲಿಂದಾಗೆ, ಅಲ್ಲಿನ ಮನೆ ಮೇವಿಸ್‌ಗೆ. ಒಂದರ ತಂಟೆಗೆ ಇನ್ನೊಂದಿಲ್ಲ. ಮುದುಕನ ಮುಖಕ್ಕೆ ಮತ್ತೆ ಕಳೆ ಬಂತು.

"ಸದ್ಯ, ಉಳ್ಕೊಂಡೆ. ಇದೇ ಭಯಕ್ಕೆ ತಾನೇ ನಾನು ಎರ್ಲಿಂದಾನ ಮದುವೆ ಆಗದೇ ಇರೋದು."

"ಏನಂದ್ರಿ?"

"ಮದುವೆ ಆದ್ರೆ ನಮ್ಮ ದೇಶದಲ್ಲಿ ಹಳೇ ಉಯಿಲು ತಾನಾಗೇ ಬಿದ್ದುಹೋಗುತ್ತಂತೆ. ವಕೀಲ ಹೇಳಿದ. ಆಮೇಲೆ ಮನೆ ಹೆಂಡತಿಗೆ, ಮೇವಿಸ್ ಬೀದಿಗೆ. ಅಮ್ಮ ಹಾಸಿಗೆ ಹಿಡಿದಾಗ ಹದಿನಾಲ್ಕು ವರ್ಷ ನೋಡಿಕೊಂಡವಳು ಅವಳು. ನಾನು ಇಲ್ಲಿ ಬಿಸಿಲು ಕಾಯಿಸ್ಕೊಂಡು ಗಡಿಯಾರ ರಿಪೇರಿ ಮಾಡ್ತಿದ್ದೆ. ಅಪ್ಪ ನೋಡಿದ್ರೆ ಮನೇನ ನನ್ನ ಹೆಸರಿಗೆ ಬರೆದು ಸತ್ತ."

"ವಕೀಲ ಹೇಳಿದ್ದು ಸರಿ. ಅದಕ್ಕೇನು ದಾರಿ ಅಂತ ಕೇಳಿದ್ರಾ?"

ಕ್ಲೆಮೆಂಟ್ ಇಲ್ಲವೆಂದು ತಲೆಯಾಡಿಸಿದ. ಕೇಳಿರಲಿಲ್ಲ.

"ಇಂಥವಳನ್ನ ಮದುವೆ ಆಗಲಿದ್ದೀನಿ, ಆದ್ರೂ ಈ ಉಯಿಲು ಹೀಗೇ ಇರಲಿ ಅಂತ ಅವಳ ಹೆಸರು ಹಾಕಿ ಅಲ್ಲಿ ಮೊದಲೇ ಬರೆಸಿಡಬಹುದು. ಇಲ್ಲಾ ಮದುವೆ ಆದ ಮೇಲೆ ಹೊಸದು ಬರೆಸಿ. ಒಂದು ಹಾಳೆ ಕೆಲಸ."

"ಏನು?"

"ಮದುವೆ ಆಗಬಹುದು ಅಂದೆ!" ಅಂಪಾರೋ ಗಂಟಲು ಹರಿಯುವಂತೆ ಕೂಗಿದಳು. "ಮೇವಿಸ್‌ಗೆ ಏನೂ ಆಗಲ್ಲ! ಇಷ್ಟು ವರ್ಷ ಸುಮ್ನೆ ಹೆದರಿದ್ದೀರಿ!"

ಹೊರಗೆ ಬೆಂಚಿನ ಮಾತುಕತೆ ನಿಂತುಹೋಯಿತು. ಬಾಗಿಲು ತೆರೆಯಿತು. ಆಸ್ತಿ ಪಡೆಯುವವರು ಒಳಗೆ ಇರಬಾರದೆಂದು ಹೊರಗೆ ಕೂರಿಸಿದ್ದ ಎರ್ಲಿಂದಾ ನಿಂತಿದ್ದಳು. ಜೋಳದ ಹಿಟ್ಟಿನ ಗಿರಣಿಯಿಂದ ನೆಟ್ಟಗೆ ಬಂದಿದ್ದಳು. ಮೊಣಕೈಯಲ್ಲಿ ಹಿಟ್ಟು ಒಣಗಿತ್ತು.

"ಇಪ್ಪತ್ತೆರಡು ವರ್ಷ!" ಅಂದಳು. "ಗಿರಣಿಯವಳು ಅಂತ ಹೇಳ್ಕೊಳೋಕೆ ನಿನಗೆ ನಾಚಿಕೆ ಅಂದ್ಕೊಂಡಿದ್ದೆ ಕಣೋ. ಓಣಿ ಹೆಂಗಸರ ಹತ್ರ 'ಅವನು ಕೇಳ್ತಾನೇ ಇದ್ದಾನೆ, ನಾನೇ ಬೇಡ ಅಂದೆ' ಅಂತ ಸುಳ್ಳು ಹೇಳ್ಕೊಂಡು ಬಂದೆ. ನನಗೊಂದು ಮಾತು ಹೇಳೋಕೆ ನಿನಗೇನಾಗಿತ್ತು?"

"ಹೇಳಿದ್ರೆ, ನಿನ್ನನ್ನ ನಂಬಲಿಲ್ಲ ಅಂತ ಅಂದ್ಕೋತೀಯ ಅಂತ..."

"ನಂಬಿದ್ದೆಯಾ?"

ಕ್ಲೆಮೆಂಟ್ ತನ್ನ ಟೋಪಿಯ ಅಂಚನ್ನು ಒಂದು ಸುತ್ತು ಸವರಿದ. "ಮೊದಲ ವರ್ಷ ಇಲ್ಲ. ಆಮೇಲೆ ನಂಬಿಕೆ ಬಂತು. ಅಷ್ಟೊತ್ತಿಗೆ, ನಂಬಿರಲಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು."

ಎರ್ಲಿಂದಾ ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದು ಕೂತಳು. ಅವಳ ಭುಜ ಅಲುಗುವುದನ್ನು ಕಂಡು, ಅಳುತ್ತಿದ್ದಾಳೆಂದು ಅಂಪಾರೋ ನೀರಿನ ಲೋಟ ಮುಂದೆ ಸರಿಸಿದಳು. ಅವಳು ನಗುತ್ತಿದ್ದಳು.

"ಪ್ರತಿ ಕ್ರಿಸ್‌ಮಸ್‌ಗೆ ಮೇವಿಸ್‌ಗೆ ಕಾಲುಚೀಲ ಹೆಣೆದು ಕಳಿಸೋಳು ನಾನು. ಆ ಮನೆ ಕಿತ್ಕೊಂಡು ಏನು ಮಾಡಲಿ? ಆ ಚಳಿಯಲ್ಲಿ ಕೂತು ಯಾರಿಗೆ ರೊಟ್ಟಿ ಮಾರಲಿ?"

"ಕೇಳಿಬಿಡಿ ದೊನ್ ಕ್ಲೆಮೆಂತೆ!" ಹೊರಗಿನಿಂದ ಯಾವುದೋ ಗಂಡಸಿನ ದನಿ. "ನಮಗೂ ಬೇರೆ ಕೆಲಸ ಇದೆ!"

ಕ್ಲೆಮೆಂಟ್ ಎದ್ದ. ಮಂಡಿಯೂರಲು ಹೋದವನನ್ನು, ಮತ್ತೆ ಏಳಿಸುವವರು ಯಾರು ಎಂದು ಎರ್ಲಿಂದಾ ತೋಳು ಹಿಡಿದು ತಡೆದಳು. ಅವನು ನಿಂತಲ್ಲಿಂದಲೇ ಕಿವುಡರ ದೊಡ್ಡ ದನಿಯಲ್ಲಿ ಕೇಳಿದ: "ನನ್ನ ಮದುವೆ ಆಗ್ತೀಯಾ?"

ಎರ್ಲಿಂದಾ ನೀರು ಕುಡಿದಳು. ಲೋಟ ಕೆಳಗಿಟ್ಟಳು. ಬಾಯಿ ಒರೆಸಿಕೊಂಡಳು.

"ಯೋಚನೆ ಮಾಡ್ಬೇಕು. ಶುಕ್ರವಾರ ಹೇಳ್ತೀನಿ."

ಅವಳು ಮತ್ತೆ ಹೊರಗೆ ಹೋಗಿ ಕೂತಳು. ಅಂಪಾರೋ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದಳು. 'ಅವಿವಾಹಿತ' ಎಂಬಲ್ಲಿ ಬೆಂಚಿನ ಕಡೆಯಿಂದ ಕೆಮ್ಮುಗಳು ಕೇಳಿಬಂದವು. ಕ್ಲೆಮೆಂಟ್ ನಗುಮುಖದಿಂದಲೇ ಸಹಿ ಹಾಕಿದ.

ಮುಂದಿನವರನ್ನು ಕರೆಯುವ ಮುನ್ನ ಅಂಪಾರೋ ಒಂದು ಗಳಿಗೆ ಕಿಟಕಿಯ ಬಳಿ ನಿಂತಳು. ಕೆಳಗೆ ಬೀದಿಯಲ್ಲಿ ಕ್ಲೆಮೆಂಟ್ ಬಸ್ಸಿನ ಕಡೆ ಹೆಜ್ಜೆ ಹಾಕುತ್ತಿದ್ದ. ಎರ್ಲಿಂದಾ ಅವನ ತೋಳು ಹಿಡಿದು ಎದುರಿನ ವಿವಾಹ ನೋಂದಣಿ ಕಚೇರಿಯತ್ತ ತಿರುಗಿಸಿದಳು. ಅವಳು ಹೇಳಿದ್ದು ಮಹಡಿಯವರೆಗೂ ಕೇಳಿಸಿತು. ಅವನೊಂದಿಗೆ ಬಾಳಿ ಅವಳ ದನಿಯೂ ದೊಡ್ಡದಾಗಿತ್ತು.

"ಶುಕ್ರವಾರ ಹೂಂ ಅಂತೀನೋ ಉಹೂಂ ಅಂತೀನೋ ನನಗಿನ್ನೂ ಗೊತ್ತಿಲ್ಲ. ಕಾಗದಪತ್ರ ಮಾತ್ರ ರೆಡಿ ಇರಲಿ, ನಡಿ."