ಕೊರೆಯದೆ ಬಿಟ್ಟ ಅರ್ಧ ಬೆರಳು

ಭಾವ ತಂಬಾಕು ಸೇದುವ ಹೊಸ ಪೈಪನ್ನು ಬಾಯಿಗಿಟ್ಟು ಜೋರಾಗಿ ಎಳೆದರು. ಕೆನ್ನೆ ಒಳಕ್ಕೆ ಹೋಯಿತೇ ಹೊರತು ಗಾಳಿ ಬರಲಿಲ್ಲ.

"ಏನೋ ಇದು, ಲೈನ್ ಕ್ಲಿಯರ್ ಇಲ್ವಲ್ಲ?" ಎಂದರು. ಗಾರ್ಡ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾದರೂ ಅವರ ಮಾತಿನಲ್ಲಿ ರೈಲು ಇನ್ನೂ ಓಡುತ್ತಲೇ ಇತ್ತು.

"ಕೊನೇ ಅರ್ಧ ಬೆರಳಷ್ಟು ಕೊರೆಯೋದು ಮರೆತುಬಿಟ್ಟೆ ಭಾವ," ಎಂದ ಗಡಿಯಾರ ರಿಪೇರಿ ಮಾಡುವ ಭಾವಮೈದುನ, ನೆಲ ನೋಡುತ್ತಾ.

ಶುದ್ಧ ಸುಳ್ಳು. ಪೈಪು ಮಾಡುವುದು ಅಂಗಡಿ ಮುಚ್ಚಿದ ಮೇಲೆ ಅವನಿಗೆ ಹಿಡಿಯುವ ಹುಚ್ಚು. ತಾನು ಮಾತ್ರ ಒಂದು ದಿನವೂ ಸೇದಿದವನಲ್ಲ. ಎರಡು ವರ್ಷ ಒಣಗಿಸಿದ ಬೇರಿನ ತುಂಡನ್ನು ಅರದಿಂದ ಉಜ್ಜಿ, ಮೇಣ ಹಚ್ಚಿ ಮಿಂಚಿಸಿದ್ದ. ಹಿಡಿಯ ತೂತು ತಂಬಾಕು ತುಂಬುವ ಬಟ್ಟಲಿನ ತಳಕ್ಕೆ ಕೂದಲೆಳೆ ತಪ್ಪದೆ ಸೇರಿದರೇ ಅವನಿಗೆ ನಿದ್ದೆ. ಆದರೆ ಹಿಂದಿನ ವಾರ ಅಕ್ಕ ಅಂಗಡಿಗೇ ಬಂದು ಅವನ ಕೈ ಹಿಡಿದುಕೊಂಡಿದ್ದಳು. "ಇವರ ಶ್ವಾಸಕೋಶ ಅರ್ಧ ಹೋಗಿದೆಯಂತೆ. ಇನ್ನು ಒಂದು ದಮ್ಮೂ ಎಳೆಯೋ ಹಾಗಿಲ್ಲ. ಪೈಪು ಮಾಡಿಕೊಡು, ಬಾಯಿಗೊಂದು ಆಸರೆ ಇರಲಿ. ತೂತು ಮಾತ್ರ ಪೂರ್ತಿ ಮಾಡಬೇಡ ಕಣೋ."

ಭಾವ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಾಸಿವೆಯಷ್ಟು ಸ್ಕ್ರೂ ಕೂಡ ಮರೆಯದವನು ತೂತು ಮರೆಯುತ್ತಾನೆಯೇ? ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಆ ಕಡೆ ಒಮ್ಮೆ ನೋಡಿ, ಅವರು ಪೈಪನ್ನು ಮತ್ತೆ ಬಾಯಿಗಿಟ್ಟುಕೊಂಡರು. "ಕೈಗೆ ಚೆನ್ನಾಗಿ ಕೂರುತ್ತೆ. ಮುಂದಿನ ಸಲ ಕೊರೆಯೋ ಬೈರಿಗೆ ತಗೊಂಡು ಬಾ."

ಅಲ್ಲಿಂದ ಪ್ರತಿ ಭಾನುವಾರ ಅದೇ ಪಾಠ.

"ಬೈರಿಗೆ ತಂದ್ಯೇನೋ?"

"ಮರೆತೆ ಭಾವ."

"ಮೊದಲು ನಿನ್ನ ಮರೆವಿಗೆ ಔಷಧಿ ತಗೋ," ಎಂದು ಭಾವ ನಗುತ್ತಿದ್ದರು. ಬಾಗಿಲಲ್ಲಿ ನಿಂತು ಅಕ್ಕನೂ ನಗುತ್ತಿದ್ದಳು. ಅವಳು ಹಾಗೆ ನಕ್ಕಾಗಲೆಲ್ಲ ಅವನಿಗೆ ಆ ಸುಳ್ಳಿನ ಮೇಲೆ ಪ್ರೀತಿ ಬರುತ್ತಿತ್ತು. ಖಾಲಿ ಪೈಪು ಕಚ್ಚಿಕೊಂಡೇ ಭಾವ ಎಂಟು ತಿಂಗಳು ದೂಡಿದರು. ಆಮೇಲೆ ನಗು ಕೆಮ್ಮಾಯಿತು. ಕೆಮ್ಮು ಅವರನ್ನು ಆಸ್ಪತ್ರೆಗೆ ಸೇರಿಸಿತು.

ಒಂದು ಬೆಳಿಗ್ಗೆ ಅವನು ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಅಕ್ಕನ ಫೋನು ಬಂತು. ಅವಳು ಅಳುತ್ತಿರಲಿಲ್ಲ.

"ಮನೆಗೆ ಕರಕೊಂಡು ಬಂದ್ವಿ. ಇನ್ನು ಪಥ್ಯ ಏನೂ ಬೇಡ, ಕೇಳಿದ್ದು ಕೊಡಿ ಅಂದ್ರು ಡಾಕ್ಟರು." ಆಮೇಲೆ ಅಂದಳು, "ಈ ಸಲ ಬೈರಿಗೆ ಮರೀಬೇಡ ಕಣೋ."