ಗಾಡಿಯದೇ ತಪ್ಪು

ಕಮೋಡಿನ ಬುಡದ ನಟ್ಟು ಇಷ್ಟು ಸಲೀಸಾಗಿ ತಿರುಗೀತೆಂದು ಸೊಸೆ ಎಣಿಸಿರಲಿಲ್ಲ. ಮೈಭಾರವನ್ನೆಲ್ಲ ಸ್ಪ್ಯಾನರಿನ ಮೇಲೆ ಹಾಕಲು ಸಿದ್ಧಳಾಗಿ ಮಂಡಿಯೂರಿದ್ದಳು. ಅರ್ಧ ತಿರುವಿಗೇ ಅದು ಸಡಿಲವಾಯಿತು. ದೇವರು ಇಷ್ಟಾದರೂ ಕರುಣೆ ಇಟ್ಟಿದ್ದಾನೆ ಅಂದುಕೊಂಡಳು. ಆ ಕರುಣೆಗೆ ತಾನು ಯೋಗ್ಯಳಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಮಂಚ, ಒಲೆ, ಪಾಯಿಖಾನೆ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಆ ಮೋಟಾರ್‌ಹೋಮನ್ನು ಅವರು ಹಳೆಯದೇ ಕೊಂಡಿದ್ದರು. ಗಂಡ, ಮಾವ, ತಾನು, ಮೂವರೇ ಊರೂರು ನೋಡಲು ಹೊರಟದ್ದು. ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಸ್ಟಿಯರಿಂಗ್ ಹಿಡಿದ ಸೊಸೆಯ ಪಕ್ಕ ಕೂತು, ಕೈ ಕಟ್ಟಿದ್ದರೂ ಬಾಯಿಯಲ್ಲೇ ಗಾಡಿ ಓಡಿಸುತ್ತಿದ್ದರು. "ಬ್ರೇಕನ್ನ ಹಾಗೆ ಒದೀಬೇಡಮ್ಮಾ, ಅದೇನು ನಿನ್ನ ಗಂಡನಾ?" ಎನ್ನುವರು. ಹಿಂದಿನಿಂದ ಗಂಡ, "ನನ್ನನ್ನ ಇನ್ನೂ ಜೋರಾಗಿ ಒದೀತಾಳಪ್ಪಾ" ಎನ್ನುವನು.

ಆಮೇಲೆ ಬೆಳಗಿನ ಹೊತ್ತು ಕಮೋಡಿನ ಸುತ್ತ ನೆಲ ಒದ್ದೆಯಾಗತೊಡಗಿತು. ಒಂದು ದಿನ ಒರೆಸಿದಳು. ಮರುದಿನವೂ ಒರೆಸಿದಳು. ಮೊನ್ನೆ ಕಾಲು ಜಾರಿತು, ಅದರ ಹಿಂದೆಯೇ ನಾಲಿಗೆಯೂ ಜಾರಿತು.

"ಮಾವ, ಸ್ವಲ್ಪ ನೋಡ್ಕೊಂಡು ಕೂತ್ಕೋಬಾರ್ದಾ? ದಿನಾ ಒರೆಸೋಕೆ ನಾನೇನು ಆಳಾ?"

ಗಂಡ ಅಲ್ಲೇ ಇದ್ದ. ಮಾವ ಮೆಲ್ಲಗೆ ಇಳಿದು ಹೋಗಿ ಮರದ ಕೆಳಗೆ ಕೂತರು.

ಅಂದಿನಿಂದ ಅವರು ನೀರು ಕುಡಿಯುವುದನ್ನೇ ಬಿಟ್ಟರು. ಲೋಟ ಕೊಟ್ಟರೆ ತುಟಿ ತೋಯಿಸಿ ಕೆಳಗಿಡುವರು. ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಗಾಡಿ ನಿಲ್ಲಿಸಲು ಹೇಳುವರು. ಬ್ರೇಕಿನ ಬಗ್ಗೆ ಒಂದು ಮಾತೂ ಇಲ್ಲ. ನಿನ್ನೆ ಸಂಜೆ ಮಗನನ್ನು ಕರೆದು, "ಮುಂದಿನ ಊರಲ್ಲಿ ರೈಲ್ವೆ ಸ್ಟೇಷನ್ ಇದೆಯಂತೆ. ನನ್ನನ್ನ ಅಲ್ಲಿಳಿಸಿಬಿಡಪ್ಪಾ. ನೀವಿಬ್ಬರು ಹಾಯಾಗಿ ಹೋಗಿಬನ್ನಿ" ಅಂದರು. ಇನ್ನು ನಿಮ್ಮ ಜೊತೆ ಎಲ್ಲಿಗೂ ಬರುವುದಿಲ್ಲ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಮಾವ ನಡೆದಾಡಲು ಹೋಗಿದ್ದರು. ಸೊಸೆ ಅಂಗಡಿಯಿಂದ ಬಂದಾಗ ಗಂಡ ಬಾಗಿಲಲ್ಲೇ ಕಾದಿದ್ದ.

"ಬಾ ಇಲ್ಲಿ, ನೋಡು." ಪೆಡಲ್ ಒತ್ತಿ ನೀರು ಬಿಟ್ಟ. ಕಮೋಡಿನ ಬುಡದಿಂದ ನೀರು ಬಸಿದು ನೆಲಕ್ಕೆ ಹರಿಯಿತು. "ಕೆಳಗಿನ ರಬ್ಬರ್ ಸೀಲು ಹೋಗಿದೆ. ಅಪ್ಪ ಅಲ್ಲ."

ಅವಳು ಕೈಚೀಲ ಕೆಳಗಿಟ್ಟು ಬಗ್ಗಿ ನೋಡಿದಳು.

"ಮೆಕ್ಯಾನಿಕ್ ಕರೆಸೋಣ್ವಾ?" ಅಂದ ಗಂಡ.

"ಬೇಡ, ನಾನೇ ಮಾಡ್ತೀನಿ." ಬಾಯಿ ಮಾಡಿದ ತಪ್ಪಿಗೆ ಕೈಯಾದರೂ ದಂಡ ತೆರಲಿ ಎಂದು ಅವಳ ಹಟ.

ಹಳೆಯ ಮಾಲೀಕ ಗಾಡಿಯ ಜೊತೆ ಕೊಟ್ಟಿದ್ದ ಹೊಸ ಸೀಲೊಂದು ಡಬ್ಬಿಯಲ್ಲಿತ್ತು. ಗಂಡ ಟಾರ್ಚು ಹಿಡಿದು ನಿಂತ. ಮನೆಯಲ್ಲಿ ಬಲ್ಬು ಬದಲಿಸಲೂ ಇನ್ನೊಬ್ಬರನ್ನು ಕರೆಯುವ ಗುಮಾಸ್ತ ಅವನು. ಇವತ್ತು ಮಾತ್ರ ಅವಳು ಕೈ ಚಾಚುವ ಮೊದಲೇ ಸರಿಯಾದ ಅಳತೆಯ ಸ್ಪ್ಯಾನರನ್ನೇ ಎತ್ತಿಕೊಟ್ಟಿದ್ದ. ಅಪ್ಪನ ಮೇಲಿನ ಅಪವಾದ ಕಳೆಯಿತೆಂಬ ಹುರುಪು ಇರಬೇಕು, ಪಾಪ.

ನೀರಿನ ಕೊಳವೆ ಬಿಚ್ಚಿ, ಇಬ್ಬರೂ ಸೇರಿ ಕಮೋಡನ್ನು ಎತ್ತಿ ಪಕ್ಕಕ್ಕಿಟ್ಟರು. ನಾತ ಮುಖಕ್ಕೆ ಹೊಡೆಯಿತು.

"ಮೂಗು ಮುಚ್ಚಿಕೋ."

"ನಾನಾಡಿದ ಮಾತಿಗಿಂತ ಇದೇ ವಾಸಿ" ಅಂದಳು.

ಹಳೆಯ ಸೀಲು ಕೈಗೆ ಬಂತು. ಊರಿನ ತನ್ನ ಹೊಲಿಗೆಯಂಗಡಿಯಲ್ಲಿ ದಿನವೂ ಹರಿದದ್ದನ್ನೇ ನೋಡುವವಳು ಅವಳು. ರಬ್ಬರಿನಲ್ಲಿದ್ದ ಸೀಳು ನೇರವಾಗಿ, ಅಚ್ಚುಕಟ್ಟಾಗಿತ್ತು. ಆ ಅಚ್ಚುಕಟ್ಟೇ ಅವಳನ್ನು ಚುಚ್ಚಿತು. ಇಷ್ಟು ಸ್ಪಷ್ಟವಾದ ಕಾರಣ ಕಾಲಬುಡದಲ್ಲೇ ಇರುವಾಗ ಹೋಗಿ ಹಿರಿಯರ ಮೇಲೆ ಗೂಬೆ ಕೂರಿಸಿದ್ದಳಲ್ಲ. ಅಂಟಿದ್ದ ಕೊಳೆ ಕೆರೆದು, ಒರೆಸಿ, ಹೊಸ ಸೀಲು ಕೂರಿಸಿದಳು. ಕಮೋಡನ್ನು ನೆಟ್ಟಗೆ ಇಳಿಸಿ, ನಟ್ಟುಗಳನ್ನು ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ಬಿಗಿದಳು. ಸುತ್ತ ಕಾಗದ ಹಾಸಿ ಮತ್ತೆ ಮತ್ತೆ ನೀರು ಬಿಟ್ಟರು. ಕಾಗದ ಒಣಗಿದ್ದು ಒಣಗಿದಂತೆಯೇ ಇತ್ತು.

ಮಾವ ಬಂದಾಗ ಕೈಯನ್ನೂ ಒರೆಸಿಕೊಳ್ಳದೆ ಎದುರು ನಿಂತಳು.

"ಮಾವ, ಸೀಲು ಹೋಗಿತ್ತು. ನಿಮ್ಮದೇನೂ ಇರಲಿಲ್ಲ. ನನ್ನ ನಾಲಿಗೆ ಸೇದಿಹೋಗ."

ಮಾವ ಅವಳ ಮುಖವನ್ನೇ ನೋಡುತ್ತ ನಿಂತರು. "ನಿಜವಾಗ್ಲೂ ಗಾಡೀದೇ ತಪ್ಪಾ?"

"ಗಾಡೀದೇ ಮಾವ."

"ಹಾಗಾದ್ರೆ ಸರಿ. ನನಗೇ ಒಂದೊಂದ್ಸಲ..." ಮಾತನ್ನು ಅಲ್ಲಿಗೇ ನುಂಗಿದರು. ಬಾಗಿಲ ತಗಡನ್ನು ಮೆಲ್ಲಗೆ ತಟ್ಟಿದರು. "ಬೈಬೇಡಮ್ಮಾ. ಅದಕ್ಕೂ ವಯಸ್ಸಾಗಿದೆ."

ಆಮೇಲೆ ನೀರು ಕೇಳಿದರು. ಗಟಗಟ ಕುಡಿದು ಲೋಟವನ್ನು ಮತ್ತೆ ಚಾಚಿದರು. ಸೊಸೆ ಒಳಗೆ ತಿರುಗಿ ಕಣ್ಣೊರೆಸಿಕೊಂಡಳು. ಮಧ್ಯಾಹ್ನ ಸ್ಟೇಷನ್ನಿನ ಎದುರೇ ಗಾಡಿ ಹಾದುಹೋಯಿತು. ಇಳಿಯುವ ಮಾತನ್ನು ಯಾರೂ ಎತ್ತಲಿಲ್ಲ. "ಗೇರ್ ಇಳಿಸು, ಗೇರ್ ಇಳಿಸು" ಎಂದು ಮಾವ ಮಾತ್ರ ಗೊಣಗುತ್ತಿದ್ದರು.

ಮರುದಿನ ಬೆಳಿಗ್ಗೆ ಪಾಯಿಖಾನೆಯ ಬಾಗಿಲು ತೆರೆದವಳು ಹಾಗೇ ನಿಂತಳು. ಕಮೋಡಿನ ಸುತ್ತ ನೆಲ ಒದ್ದೆಯಾಗಿತ್ತು.

ಗಂಡನನ್ನು ಅಲುಗಿಸಿ ಪಿಸುಗುಟ್ಟಿದಳು. "ಎಲ್ಲ ಕೆಡಿಸಿಬಿಟ್ಟೆ ಕಣ್ರೀ. ಸೀಲು ಸರಿಯಾಗಿ ಕೂತಿಲ್ಲ. ಮಾವ ಮತ್ತೆ ತಾವೇ ಅಂದುಕೋತಾರೆ."

ಗಂಡ ಎದ್ದು ನೋಡಲೂ ಇಲ್ಲ. "ನೀನು ಹಾಕಿದ್ದು ಗಟ್ಟಿಯಾಗೇ ಇದೆ" ಅಂದ, ಅಷ್ಟೇ ಮೆಲ್ಲಗೆ. "ಹಳೇದೂ ಗಟ್ಟಿಯಾಗೇ ಇತ್ತು. ನಿನ್ನೆ ನೀನು ಅಂಗಡಿಗೆ ಹೋದಾಗ ಬಿಚ್ಚಿ ಕುಯ್ದವನು ನಾನು."

ಪರದೆಯ ಆಚೆ ಮಂಚ ಕಿರುಗುಟ್ಟಿತು. "ಏನಮ್ಮಾ, ಮತ್ತೆ ಒದ್ದೆಯಾಗಿದೆಯಾ?" ಮಾವನ ದನಿಯಲ್ಲಿ ಅಂಜಿಕೆಯಿತ್ತು.

"ಹೌದು ಮಾವ," ಅಂದಳು ಸೊಸೆ, "ನಾನೇ ಸೀಲು ಸರಿಯಾಗಿ ಹಾಕಿಲ್ಲ."