ಹೊಗೆ ತಲುಪದ ಮನೆ

“ಹೊಗೆ ನಮ್ಮಕ್ಕನ ಮನೇಗಂಟ ಬರಾಕೆ ಸಾಧ್ಯಾನೇ ಇಲ್ಲ ಡಾಕ್ಟ್ರೇ,” ಎಂದ ಅಂಬರೀಶ್. ದನಿ ಏರಿತ್ತು.

ಶಿರಾದ ಡಾಕ್ಟರು ಮತ್ತೊಮ್ಮೆ ವರದಿ ನೋಡಿದರು. ಅವನ ತಾಯಿ ಕೆಂಚಮ್ಮನ ರಕ್ತದಲ್ಲಿ ಸೀಸ ಹೋದ ಸಲಕ್ಕಿಂತ ಹೆಚ್ಚಾಗಿತ್ತು. “ಹೀಗೇ ಏರಿದರೆ ನಿಮ್ಮ ತಾಯಿ ಉಳಿಯೋದಿಲ್ಲ. ಎಲ್ಲಿಂದಲೋ ಮೈಗೆ ಸೇರ್ತಾನೇ ಇದೆ. ಹುಡುಕಿ.”

ಯಾವ ಹೊಗೆ ಎಂಬುದು ಅಂಬರೀಶನಿಗೆ ಗೊತ್ತಿತ್ತು; ಅದು ಅವ್ವನನ್ನು ಹೇಗೆ ಮುಟ್ಟುತ್ತಿದೆ ಎಂಬುದು ಗೊತ್ತಿರಲಿಲ್ಲ.

ತಾವರೆಕೆರೆಯ ಆಚೆ ಅವನದೊಂದು ಸುಣ್ಣದ ಗೂಡು. ಸೌದೆ ತುಟ್ಟಿಯಾಯಿತು, ಕಲ್ಲಿದ್ದಲು ಕೈಗೆಟುಕಲಿಲ್ಲ. ಆಗ ಸಿಕ್ಕಿದ್ದು ಗುಜರಿಯವರು ಒಡೆದು ಎಸೆದ ಹಳೇ ಬ್ಯಾಟರಿಗಳ ಹೊರಕವಚದ ಚೂರು. ಸೀಸ ಮೆತ್ತಿದ ಕಸ. ಆದರೆ ಬೆಂಕಿ ಜೋರು, ಬೆಲೆ ಹೆಚ್ಚುಕಡಿಮೆ ಪುಕ್ಕಟೆ. ಗೂಡಿನೊಳಗೆ ಸುಣ್ಣದ ಕಲ್ಲಿನ ಮೇಲೊಂದು ವರಸೆ ಚೂರು, ಅದರ ಮೇಲೆ ಮತ್ತೆ ಕಲ್ಲು. ಸುಣ್ಣ ಕೊಂಚ ಬೂದು ಬಣ್ಣಕ್ಕೆ ತಿರುಗಿತು. ಗೋಡೆಗೆ ಬಳಿಯುವವರು ತಕರಾರು ಮಾಡಲಿಲ್ಲ.

ತಕರಾರು ಮಾಡಿದ್ದು ಗೂಡಿನ ಆಳು ಓಬಳಯ್ಯ. “ಈ ಕರೀ ಹೊಗೆ ಒಳ್ಳೇದಲ್ಲ ಕಣಪ್ಪ. ಅವ್ವನ್ನಾದ್ರೂ ದೂರ ಕಳ್ಸಿಬುಡು.”

ಕೂಲಿಯವರ ಮಕ್ಕಳು ಕೆಮ್ಮಿದರೆ ಅಂಬರೀಶ್ ಮುಖ ತಿರುಗಿಸುತ್ತಿದ್ದ; ಅಂಥ ಪುಣ್ಯಾತ್ಮ. ಅವ್ವ ಎಂದರೆ ಮಾತ್ರ ಪ್ರಾಣ ಬಿಡುತ್ತಿದ್ದ. ಮರುದಿನವೇ ಅವಳನ್ನು ದೊಡ್ಡೇರಿಯ ಅಕ್ಕ ಜ್ಯೋತಿಲಕ್ಷ್ಮಿಯ ಮನೆಯಲ್ಲಿ ಬಿಟ್ಟು ಬಂದ. ವಾರಕ್ಕೊಮ್ಮೆ ನೋಡಲು ಹೋಗುವಾಗ ಮೈ ತಿಕ್ಕಿ ಮಿಂದು, ಒಗೆದ ಬಟ್ಟೆ ತೊಟ್ಟೇ ಹೋಗುತ್ತಿದ್ದ. ಆದರೂ ಅವ್ವನಿಗೆ ಹೊಟ್ಟೆನೋವು ಶುರುವಾಯಿತು, ಕೈ ನಡುಗತೊಡಗಿತು.

ಆಸ್ಪತ್ರೆಯಿಂದ ನೇರ ದೊಡ್ಡೇರಿಗೆ ಹೋದ. ಅಂಗಳದಲ್ಲಿ ನಿಂತು ಮೂಗೆತ್ತಿ ಗಾಳಿ ಮೂಸಿದ. ಏನೂ ಇಲ್ಲ.

“ಕುಡಿಯೋ ನೀರು ಬದ್ಲಾಯ್ಸಿದ್ವಿ, ಪಾತ್ರೆ ಬದ್ಲಾಯ್ಸಿದ್ವಿ. ಇನ್ನೇನ್ಲಾ ಮಾಡಾದು?” ಎಂದಳು ಅಕ್ಕ.

ಅಂಬರೀಶನಿಗೆ ಅಳು ತಡೆಯಲಾಗಲಿಲ್ಲ. ತಾನೇ ಅವ್ವನನ್ನು ಕೊಲ್ಲುತ್ತಿದ್ದೇನೆ ಎನ್ನಿಸಿತು. ಗೂಡು ಆರಿಸುವ ಮಾತು ಮಾತ್ರ ಆಗಲೂ ಬಾಯಿಗೆ ಬರಲಿಲ್ಲ.

“ಪಾವಗಡದ ಚಿಕ್ಕಮ್ಮನ ಮನೇಗೆ ಕಳ್ಸಾನ ಅಕ್ಕ. ಅಲ್ಲೀಗಂಟ ಯಾವ ಗಾಳೀನೂ ಹೊಗೆ ಹೊತ್ಕಂಡೋಗಲ್ಲ.”

ಜಗಲಿಯಲ್ಲಿ ಕೂತಿದ್ದ ಕೆಂಚಮ್ಮ ನಕ್ಕಳು. “ಎಲ್ಲಿಗಾರ ಕಳ್ಸು ಮಗಾ. ವಾರವಾರ ನೀನು ಬಂದ್ರೆ ಸಾಕು.”

“ಬತ್ತೀನವ್ವ. ಒಂದು ವಾರಾನೂ ತಪ್ಪಿಸಲ್ಲ.”

ಕಣ್ಣೊರೆಸಿಕೊಂಡು ಅವಳ ಪಕ್ಕ ಕೂತ. ಅಂಗಡಿ ಸುಣ್ಣ ರುಚಿಸದ ಅವ್ವನ ಎಲೆ ಅಡಿಕೆಗೆಂದು ಪ್ರತಿ ವಾರ ತರುತ್ತಿದ್ದ ತನ್ನ ಗೂಡಿನ ಬೂದು ಸುಣ್ಣವನ್ನು ಚೀಲದಿಂದ ತೆಗೆದು, ಕೈಯಾರೆ ಅವಳ ಡಬ್ಬಿಗೆ ತುಂಬಿದ.